ಎಸ್‌ಪಿ ದಿನಚರಿ ಹೇಗಿರುತ್ತದೆ ಎಂದು ಕೇಳಿದವರಿಗೆ

ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಒಂದು ದಿನ ಗಂಟೆಗಂಟೆಗೆ ಹೇಗೆ ಸಾಗುತ್ತದೆ, ಕೆಲಸವನ್ನು ಕೆಳಗಿನವರಿಗೆ ಸರಿಯಾಗಿ ಹಂಚಿದರೆ ನಿಯಮಿತ ವೇಳಾಪಟ್ಟಿ ಸಾಧ್ಯವಲ್ಲವೇ ಎಂದು ಕೇಳಿದ್ದೀರಿ. ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಲ್ಲಿ ಪ್ರೊಬೇಷನರಿ ಡಿವೈಎಸ್‌ಪಿ, ಅಂದರೆ ತರಬೇತಿಯಲ್ಲಿದ್ದ ಉಪ ಪೊಲೀಸ್ ವರಿಷ್ಠಾಧಿಕಾರಿಯಾಗಿದ್ದಾಗ, ಪಾಠ ಮಾಡಲು ಬಂದಿದ್ದ ಹಿರಿಯ ಅಧಿಕಾರಿಯೊಬ್ಬರನ್ನು ನಾನು ಇದೇ ಮಾತುಗಳಲ್ಲಿ ಕೇಳಿದ್ದೆ. "ಮೊದಲು ಜಿಲ್ಲೆ ಸಿಗಲಿ, ಆಮೇಲೆ ಮಾತನಾಡೋಣ" ಎಂದು ಅವರು ಎದ್ದು ಹೋದರು. ನನಗೆ ಆ ಉತ್ತರ ಸಾಲಲಿಲ್ಲ. ವರ್ಷಗಳ ನಂತರ ಜಿಲ್ಲೆ ಸಿಕ್ಕಿದ ಮೊದಲ ವಾರವೇ ಒಂದು ವೇಳಾಪಟ್ಟಿ ಬರೆದು, ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡೆ. ಅದನ್ನು ಬಹಳ ನಿಷ್ಠೆಯಿಂದ ಪಾಲಿಸಿದೆ. ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ ಸತ್ತದ್ದರಲ್ಲಿ ಆ ಹಾಳೆಯ ಪಾಲೂ ಇದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ನೀವು ಕೇಳಿದ್ದನ್ನು ಹೇಳಿಬಿಡುತ್ತೇನೆ. ಬೆಳಗ್ಗೆ ಐದೂವರೆಗೆ ಏಳುತ್ತಿದ್ದೆ. ಆರೂವರೆಯೊಳಗೆ ಕಂಟ್ರೋಲ್ ರೂಮಿನಿಂದ ರಾತ್ರಿಯ ವರದಿ ಬರುತ್ತಿತ್ತು: ಎಲ್ಲಿ ಅಪಘಾತ, ಎಲ್ಲಿ ಕಳವು, ಎಲ್ಲಿ ಅಸಹಜ ಸಾವು, ಯಾವ ಊರಿನಲ್ಲಿ ಎರಡು ಗುಂಪು ಬೀದಿಗಿಳಿದಿದೆ. ಅದರ ಹಿಂದೆಯೇ ಡಿಎಸ್‌ಬಿ, ಅಂದರೆ ಜಿಲ್ಲಾ ವಿಶೇಷ ಶಾಖೆಯ ಇನ್‌ಸ್ಪೆಕ್ಟರ್ ಫೋನ್ ಮಾಡಿ ಆ ದಿನದ ಪ್ರತಿಭಟನೆ, ಮೆರವಣಿಗೆ, ಜಾತ್ರೆ, ಗಣ್ಯರ ಪ್ರವಾಸಗಳನ್ನು ಒಪ್ಪಿಸುತ್ತಿದ್ದರು. ವಾರಕ್ಕೊಂದು ದಿನ ಏಳು ಗಂಟೆಗೆ ಡಿಎಆರ್, ಅಂದರೆ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಮೈದಾನದಲ್ಲಿ ಕವಾಯತು. ಎಂಟೂವರೆಯಿಂದ ಮನೆಯ ಕ್ಯಾಂಪ್ ಕಚೇರಿಯಲ್ಲಿ ಪತ್ರಿಕೆಗಳ ಕತ್ತರಿಕೆ, ಉಪವಿಭಾಗಗಳ ಡಿವೈಎಸ್‌ಪಿಗಳ ಜೊತೆ ಮಾತು. ಹತ್ತಕ್ಕೆ ಕಚೇರಿ, ಟಪಾಲು. ಹನ್ನೊಂದರಿಂದ ಸಭೆಗಳು. ಜಿಲ್ಲಾಧಿಕಾರಿಯವರ ಸಭೆ, ಪೊಲೀಸ್ ಮಹಾನಿರೀಕ್ಷಕರ (ಐಜಿಪಿ) ವಿಡಿಯೊ ಕಾನ್ಫರೆನ್ಸ್, ತಿಂಗಳಿಗೊಮ್ಮೆ ಇಡೀ ದಿನ ನುಂಗುವ ಅಪರಾಧ ವಿಮರ್ಶೆ ಸಭೆ. ಮಧ್ಯಾಹ್ನ ಮೂರರಿಂದ ಸಾರ್ವಜನಿಕರ ಭೇಟಿ. ಐದರ ನಂತರ ಠಾಣೆಗಳ ಭೇಟಿ ಅಥವಾ ಘೋರ ಅಪರಾಧದ ಸ್ಥಳ. ರಾತ್ರಿ ಒಂಬತ್ತರ ಮೇಲೆ ಕಡತಗಳು. ತಿಂಗಳಿಗೆ ನಾಲ್ಕಾರು ರಾತ್ರಿ ಹೇಳದೆ ಕೇಳದೆ ಠಾಣೆಗೆ ಹೋಗಿ ಪಹರೆ, ಲಾಕಪ್, ಠಾಣಾ ದಿನಚರಿ ನೋಡುವುದು.

ಈ ಪಟ್ಟಿಯಲ್ಲಿ ಹೊರಗಿನವರಿಗೆ ಕಾಣದ ಕೆಲಸ ಇನ್ನೂ ಇಷ್ಟೇ ಇದೆ. ಕಾನ್‌ಸ್ಟೇಬಲ್‌ಗಳ ರಜೆ, ವರ್ಗಾವಣೆ, ವಸತಿಗೃಹದ ಸೋರುವ ಛಾವಣಿ, ಜೀಪುಗಳ ಡೀಸೆಲ್, ಸೇವೆಯಲ್ಲಿದ್ದಾಗಲೇ ತೀರಿಕೊಂಡವರ ಮನೆಯವರಿಗೆ ಅನುಕಂಪದ ನೌಕರಿಯ ಕಡತ, ಇವೆಲ್ಲ ಎಸ್‌ಪಿ ಮೇಜಿಗೇ ಬರುತ್ತವೆ. ಗಣೇಶ ಹಬ್ಬ ಬಂತೆಂದರೆ ಐದನೆಯ ದಿನ, ಏಳನೆಯ ದಿನ, ಒಂಬತ್ತು, ಹನ್ನೊಂದು ಎಂದು ವಿಸರ್ಜನೆಗಳ ಲೆಕ್ಕದಲ್ಲೇ ತಿಂಗಳು ಕಳೆಯುತ್ತದೆ. ಅದೇ ಹೊತ್ತಿಗೆ ಈದ್ ಮಿಲಾದ್ ಬಂದರೆ ಎರಡು ಮೆರವಣಿಗೆಯ ದಾರಿಗಳನ್ನು ಕಾಲ್ನಡಿಗೆಯಲ್ಲಿ ನೋಡಿ, ಶಾಂತಿ ಸಭೆ ಮಾಡಿ, ಯಾವ ಮೂಲೆಯಲ್ಲಿ ಯಾರನ್ನು ನಿಲ್ಲಿಸಬೇಕೆಂದು ಹೆಸರು ಹಿಡಿದು ಬರೆಯಬೇಕು. ನಿಷೇಧಾಜ್ಞೆ ಬೇಕೆನಿಸಿದರೂ ಜಿಲ್ಲೆಯ ಎಸ್‌ಪಿಗೆ ಆ ಅಧಿಕಾರವಿಲ್ಲ, ಜಿಲ್ಲಾಧಿಕಾರಿಯವರಿಗೆ ಬರೆಯಬೇಕು. ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಮಿಷನರೇಟ್‌ಗಳಲ್ಲಿ ಮಾತ್ರ ಪೊಲೀಸ್ ಆಯುಕ್ತರೇ ಆ ಆದೇಶ ಹೊರಡಿಸಬಹುದು. ನೀವು ಕಮಿಷನರೇಟ್‌ನ ಡಿಸಿಪಿಗಳ (ಉಪ ಪೊಲೀಸ್ ಆಯುಕ್ತರ) ಸಂದರ್ಶನ ನೋಡಿ ಜಿಲ್ಲೆಯ ಕೆಲಸವನ್ನು ಊಹಿಸಿದ್ದರೆ ಆ ವ್ಯತ್ಯಾಸವನ್ನು ಗಮನಿಸಿ.

ಈಗ ಆ ಹಾಳೆಯ ವಿಷಯ.

2012ರ ಬೇಸಿಗೆ. ಜಿಲ್ಲಾ ಕೇಂದ್ರದಿಂದ ಐವತ್ತೆಂಟು ಕಿಲೋಮೀಟರ್ ದೂರದ ಹಳ್ಳಿಯಿಂದ ಒಬ್ಬ ತಾಯಿ ಎರಡು ಬಸ್ ಬದಲಾಯಿಸಿಕೊಂಡು ನನ್ನ ಕಚೇರಿಗೆ ಬಂದಿದ್ದರು. ಗಂಡ ತೀರಿಕೊಂಡಿದ್ದರು. ಗಂಡನ ಅಣ್ಣನ ಮನೆಯವರ ಜೊತೆ ಹೊಲದ ಬದುವಿನ ತಗಾದೆ. ನಾನು ಇರಲಿಲ್ಲ, ಕೊಲೆಯೊಂದರ ಸ್ಥಳಕ್ಕೆ ಹೋಗಿದ್ದೆ. ಐದು ದಿನ ಬಿಟ್ಟು ಮತ್ತೆ ಬಂದರು. ಆ ದಿನ ಮೂರು ಗಂಟೆಗೇ ವಿಡಿಯೊ ಕಾನ್ಫರೆನ್ಸ್ ಇಟ್ಟಿದ್ದರು, ಆರೂವರೆಗೆ ಮುಗಿಯಿತು. ಕೊನೆಯ ಬಸ್ ತಪ್ಪುತ್ತದೆಂದು ಅವರು ಐದಕ್ಕೇ ಹೊರಟಿದ್ದರು. ಮೂರನೆಯ ಸಲ ಬಂದ ದಿನ ಮರುದಿನದ ಗಣ್ಯರ ಭೇಟಿಗಾಗಿ ನಾನು ಹೆಲಿಪ್ಯಾಡ್ ನೋಡಲು ಹೋಗಿದ್ದೆ. ಕಚೇರಿಯ ಸಿಬ್ಬಂದಿ ಅರ್ಜಿ ತೆಗೆದುಕೊಂಡು, ಮೊಹರು ಒತ್ತಿ, ಸ್ವೀಕೃತಿ ಕೊಟ್ಟು ಕಳುಹಿಸಿದರು.

ಮೂರೂ ಸಲ ನಾನು ಕರ್ತವ್ಯದಲ್ಲೇ ಇದ್ದೆ. ಒಂದು ನಿಮಿಷವನ್ನೂ ವ್ಯರ್ಥ ಮಾಡಿರಲಿಲ್ಲ. ನನ್ನ ದಿನಚರಿಯನ್ನು ಯಾರು ತೆರೆದು ನೋಡಿದ್ದರೂ ಶಹಭಾಸ್ ಎನ್ನುತ್ತಿದ್ದರು.

ಆ ರಾತ್ರಿ ಬಂದೋಬಸ್ತ್ ನಕ್ಷೆ ಮುಗಿಸಿ ಹತ್ತು ನಲವತ್ತಕ್ಕೆ ಅರ್ಜಿಗಳ ಕಟ್ಟನ್ನು ಎತ್ತಿಕೊಂಡೆ. ನಲವತ್ತೊಂದು ಅರ್ಜಿಗಳಿದ್ದವು. ಹನ್ನೊಂದು ಐದಕ್ಕೆ ಕಟ್ಟು ಖಾಲಿಯಾಗಿತ್ತು. ಈ ಲೆಕ್ಕವನ್ನು ಆಮೇಲೆ ಎಷ್ಟೋ ಸಲ ಹಾಕಿದ್ದೇನೆ: ಒಂದೊಂದಕ್ಕೆ ಮೂವತ್ತಾರು ಸೆಕೆಂಡು. ಆ ತಾಯಿಯ ಅರ್ಜಿ ಎರಡು ಹಾಳೆಯದು. ಮೊದಲ ಹಾಳೆ ಪೂರ್ತಿ ಬದುವಿನ ಕಥೆ, ಸರ್ವೆ ನಂಬರು, ಪಹಣಿ, ಎಷ್ಟು ಗುಂಟೆ ಒತ್ತುವರಿ ಎಂಬ ವಿವರ. ತಾಲ್ಲೂಕು ಕಚೇರಿಯ ಮುಂದೆ ಕುಳಿತು ಅರ್ಜಿ ಬರೆಯುವವರ ದುಂಡು ಅಕ್ಷರ. ಮೂರನೆಯ ಸಾಲಿಗೇ "ಇದು ಸಿವಿಲ್" ಎಂದು ನನ್ನ ಮನಸ್ಸು ತೀರ್ಮಾನಿಸಿತ್ತು. ಅಂಚಿನಲ್ಲಿ ಠಾಣೆಯ ಸಬ್ ಇನ್‌ಸ್ಪೆಕ್ಟರ್‌ಗೆ, ಅಂದರೆ ಪಿಎಸ್ಐಗೆ, ಷರಾ ಬರೆದೆ: "ಪಿಎಸ್ಐ ಅವರು ಪರಿಶೀಲಿಸಿ, ನಿಯಮಾನುಸಾರ ಕ್ರಮ ಕೈಗೊಂಡು ವರದಿ ಮಾಡುವುದು." ಸಹಿ ಹಾಕಿದೆ. ಹಾಳೆ ತಿರುವಲಿಲ್ಲ.

ಎರಡನೆಯ ಹಾಳೆಯಲ್ಲಿ ಇದ್ದದ್ದು ಇದು. ಹದಿನೈದು ದಿನಗಳ ಹಿಂದೆ ದೊಡ್ಡಪ್ಪ ಮತ್ತು ಅವರ ಮಗ ಸೇರಿ ತನ್ನ ಮಗನನ್ನು ಗುದ್ದಲಿಯ ಕಾವಿನಿಂದ ಹೊಡೆದು ಎಡಗೈ ಮುರಿದಿದ್ದಾರೆ. ಠಾಣೆಗೆ ಹೋದರೆ ದೂರು ತೆಗೆದುಕೊಳ್ಳದೆ "ಸಿವಿಲ್ ಸ್ವರೂಪದ ತಗಾದೆ, ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳುವುದು" ಎಂದು ಹಿಂಬರಹ ಕೊಟ್ಟಿದ್ದಾರೆ. ಇನ್ನೊಂದು ಸಲ ಕೈಗೆ ಸಿಕ್ಕರೆ ಮುಗಿಸುತ್ತೇವೆಂದು ದೊಡ್ಡಪ್ಪ ಮತ್ತು ಅವರ ಮಗ ಹೇಳುತ್ತಿದ್ದಾರೆ. ಆ ಹಾಳೆಗೆ ಸರ್ಕಾರಿ ಆಸ್ಪತ್ರೆಯ ಚೀಟಿಯನ್ನು ಜಾಲಿಮುಳ್ಳು ಚುಚ್ಚಿ ಸೇರಿಸಿದ್ದರು. ಗುಂಡುಸೂಜಿ ಸಿಕ್ಕಿರಲಿಕ್ಕಿಲ್ಲ. ಚೀಟಿಯ ಮೇಲೆ ಎಂಎಲ್‌ಸಿ, ಅಂದರೆ ಮೆಡಿಕೋ-ಲೀಗಲ್ ಕೇಸ್ ಎಂದು ಬರೆದಿತ್ತು. ಹೊಡೆದಾಟದ ಗಾಯವೆಂದು ಆಸ್ಪತ್ರೆಯವರು ಠಾಣೆಗೆ ತಿಳಿಸಿದ್ದಾರೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಮೂಳೆ ಮುರಿದರೆ ಅದು ತೀವ್ರ ಗಾಯ, ಠಾಣಾಧಿಕಾರಿ ಎಫ್‌ಐಆರ್ ಹಾಕಲೇಬೇಕಾದ ಅಪರಾಧ. ಬದು ಯಾರದ್ದೇ ಇರಲಿ, ಕೈ ಮುರಿದದ್ದು ಸಿವಿಲ್ ಆಗುವುದಿಲ್ಲ.

ನಾನು ಹಾಳೆ ತಿರುವದೇ ಇದ್ದದ್ದು ತಪ್ಪಿನ ಅರ್ಧ ಮಾತ್ರ. ಉಳಿದರ್ಧ ಇನ್ನೂ ಕೆಟ್ಟದ್ದು, ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇವತ್ತಿಗೂ ಎಷ್ಟೋ ಕಚೇರಿಗಳಲ್ಲಿ ನಡೆಯುತ್ತಿರುವುದು ಇದೇ. ನನ್ನ ಷರಾ ಹೊತ್ತ ಅರ್ಜಿ ಡಿವೈಎಸ್‌ಪಿ ಕಚೇರಿಗೆ ಹೋಯಿತು, ಅಲ್ಲಿಂದ ವೃತ್ತ ನಿರೀಕ್ಷಕರಿಗೆ, ಅಲ್ಲಿಂದ ಅದೇ ಠಾಣೆಗೆ. ಯಾವ ಠಾಣೆಯ ಮೇಲೆ ದೂರೋ ಅದೇ ಠಾಣೆಯ ಅದೇ ಪಿಎಸ್ಐ ಮೇಜಿಗೆ. ಠಾಣಾ ಬರಹಗಾರರು ನಿಯಮದಂತೆ ಎದುರು ಪಾರ್ಟಿಯನ್ನು ಕರೆಸಿ, "ನಿಮ್ಮ ಮೇಲೆ ಎಸ್‌ಪಿ ಸಾಹೇಬರಿಗೆ ಅರ್ಜಿ ಹೋಗಿದೆ, ಹೇಳಿಕೆ ಕೊಡಿ" ಎಂದರು. ಆ ತಾಯಿ ಎಸ್‌ಪಿವರೆಗೆ ಹೋಗಿದ್ದಾರೆ, ಎಸ್‌ಪಿಯಿಂದ ಏನೂ ಆಗಿಲ್ಲ, ಕಾಗದ ತಿರುಗಿ ಠಾಣೆಗೇ ಬಂದಿದೆ ಎಂಬ ಮೂರೂ ಸುದ್ದಿಗಳು ಒಂದೇ ಮಧ್ಯಾಹ್ನ ಆ ಮನೆಗೆ ಮುಟ್ಟಿದವು. ಮುಟ್ಟಿಸಿದ್ದು ನನ್ನ ಸಹಿ. ನಾನು ಆ ಅರ್ಜಿಯನ್ನು ಕಳೆದುಹಾಕಿದ್ದರೆ ಆಕೆಗೆ ಅಷ್ಟು ಅಪಾಯವಾಗುತ್ತಿರಲಿಲ್ಲ.

ಕಾನೂನು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಬಾಯಿಪಾಠವಾಗಿತ್ತು. ಠಾಣಾಧಿಕಾರಿ ದೂರು ದಾಖಲಿಸದಿದ್ದರೆ ಅದನ್ನು ಬರವಣಿಗೆಯಲ್ಲಿ ಎಸ್‌ಪಿಗೆ ಕಳುಹಿಸಬಹುದು, ಅಪರಾಧ ಕಂಡುಬಂದರೆ ಎಸ್‌ಪಿ ತಾನೇ ತನಿಖೆ ಮಾಡಬೇಕು ಇಲ್ಲವೇ ಅಧೀನ ಅಧಿಕಾರಿಯಿಂದ ಮಾಡಿಸಬೇಕು ಎಂದು ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 154(3) ಹೇಳುತ್ತಿತ್ತು. ಆ ತಾಯಿಯ ಕೈಯಲ್ಲಿದ್ದದ್ದು ಅಂಥದ್ದೇ ಕಾಗದ. ಅಕಾಡೆಮಿಯ ಪರೀಕ್ಷೆಯಲ್ಲಿ ಆ ಕಲಮಿನ ಮೇಲೆ ಒಳ್ಳೆಯ ಅಂಕ ತೆಗೆದಿದ್ದೆ. ಆದರೆ ಆ ಕಲಮಿಗೆ ನನ್ನ ವೇಳಾಪಟ್ಟಿಯಲ್ಲಿ ಜಾಗವಿರಲಿಲ್ಲ. ಅರ್ಜಿಗಳಿಗೆ ನಾನು ಕೊಟ್ಟದ್ದು ದಿನದ ಕಟ್ಟಕಡೆಯ, ಕಣ್ಣು ಎಳೆಯುವ ಅರ್ಧ ಗಂಟೆ.

ಹನ್ನೊಂದನೆಯ ದಿನ ಬೆಳಗ್ಗೆ ಐದು ಇಪ್ಪತ್ತಕ್ಕೆ ಕಂಟ್ರೋಲ್ ರೂಮಿನಿಂದ ಫೋನ್ ಬಂತು. ಕೊಲೆ. ಊರಿನ ಹೆಸರು ಕೇಳಿದಾಗಲೂ ನನಗೇನೂ ನೆನಪಾಗಲಿಲ್ಲ. ಏಳು ಗಂಟೆಗೆ ಸ್ಥಳದಲ್ಲಿದ್ದೆ. ಹೊಲಕ್ಕೆ ನೀರು ಕಟ್ಟಲು ರಾತ್ರಿ ಹೋದ ಹುಡುಗ ಬದುವಿನ ಮೇಲೇ ಬಿದ್ದಿದ್ದ. ಎಡಗೈಗೆ ಇನ್ನೂ ಪ್ಲಾಸ್ಟರ್ ಇತ್ತು. ಶ್ವಾನದಳ, ಬೆರಳಚ್ಚು ತಜ್ಞರು, ಡಿವೈಎಸ್‌ಪಿ ಎಲ್ಲ ಬಂದಿದ್ದರು, ನಾನು ಸೂಚನೆಗಳನ್ನು ಕೊಡುತ್ತಿದ್ದೆ. ಬೇವಿನ ಮರದ ಕೆಳಗೆ ಕುಳಿತಿದ್ದ ಆ ತಾಯಿ ಎದ್ದು ಬಂದರು. ಅವರು ಅಳುತ್ತಿರಲಿಲ್ಲ. "ಸ್ವಾಮಿ, ನಿಮ್ಮ ಆಫೀಸಿನ ಬೆಂಚಿನ ಮೇಲೆ ನಾನು ಮೂರು ದಿನ ಕುಳಿತಿದ್ದೆ" ಎಂದರು. ಅಷ್ಟೇ ಹೇಳಿ ಮತ್ತೆ ಹೋಗಿ ಕುಳಿತರು.

ಆರೋಪಿಗಳು ಎರಡೇ ದಿನದಲ್ಲಿ ಸಿಕ್ಕಿದರು. ಪಿಎಸ್ಐಯನ್ನು ಅಮಾನತು ಮಾಡಿದೆ. ಅಮಾನತಿನ ಆದೇಶಕ್ಕೆ ಸಹಿ ಹಾಕುವಾಗ, ಅದೇ ಪೆನ್ನು ಹನ್ನೊಂದು ದಿನಗಳ ಹಿಂದೆ ಏನು ಬರೆದಿತ್ತೆಂಬುದು ನನಗೆ ತಿಳಿದಿತ್ತು. ಮೇಲಿನವರು ನನ್ನಿಂದ ವಿವರಣೆ ಕೇಳಿದರು. ಕೊಟ್ಟೆ. ಕಡತ ಮುಕ್ತಾಯವಾಯಿತು. ಇಲಾಖೆಯ ಮಟ್ಟಿಗೆ ನಾನು ಕಳೆದುಕೊಂಡದ್ದು ಏನೂ ಇಲ್ಲ. ಆದರೆ ಮೂರು ವರ್ಷಗಳ ನಂತರ ವಿಚಾರಣೆಯಲ್ಲಿ ನನ್ನನ್ನು ಸಾಕ್ಷಿಯಾಗಿ ಕರೆದರು. ಆ ಅರ್ಜಿಯನ್ನು ಅಭಿಯೋಜನೆಯ ದಾಖಲೆಯಾಗಿ ನಿ.ಪಿ. 14 ಎಂದು ಗುರುತಿಸಿದ್ದರು. ಮುಳ್ಳು ಚುಚ್ಚಿದ ತೂತು ಹಾಗೇ ಇತ್ತು, ಸುತ್ತಲೂ ಕಂದುಬಣ್ಣದ ಕಲೆಯಾಗಿತ್ತು. ಸರ್ಕಾರಿ ಅಭಿಯೋಜಕರು ಅಂಚಿನ ಷರಾ ತೋರಿಸಿ "ಇದು ನಿಮ್ಮ ಸಹಿಯೇ?" ಎಂದು ಕೇಳಿದರು. ಹೌದು ಎಂದೆ. ಆ ತಾಯಿ ಎದುರಿನ ಸಾಲಿನಲ್ಲಿ ಕುಳಿತಿದ್ದರು. ಆರೋಪಿಗಳಿಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು.

2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದ ತೀರ್ಪು ಬಂತು. ದೂರಿನಲ್ಲಿ ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ಕಂಡುಬಂದರೆ ಎಫ್‌ಐಆರ್ ಕಡ್ಡಾಯ, ದಾಖಲಿಸದ ಅಧಿಕಾರಿಯ ಮೇಲೆ ಕ್ರಮವಾಗಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ನಾನು ಅದನ್ನು ಒಂದೇ ಸಲಕ್ಕೆ ಕುಳಿತು ಓದಿ ಮುಗಿಸಿದೆ. ಅಷ್ಟು ಹೊತ್ತಿಗೆ ನನ್ನ ವೇಳಾಪಟ್ಟಿಯನ್ನು ಹರಿದು ಹಾಕಿ ಒಂದೂವರೆ ವರ್ಷವಾಗಿತ್ತು.

ಆಮೇಲೆ ನಾನು ಮಾಡಿದ್ದನ್ನು ಹೇಳುತ್ತೇನೆ. ಸಾರ್ವಜನಿಕರ ಭೇಟಿಯನ್ನು ಮಧ್ಯಾಹ್ನ ಮೂರರಿಂದ ಬೆಳಗ್ಗೆ ಹತ್ತಕ್ಕೆ ತಂದೆ. ಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟವರು ಹತ್ತಕ್ಕೆ ಬಂದಿರುತ್ತಾರೆ. ಅವರನ್ನು ಮೂರರವರೆಗೆ ಕೂರಿಸಿ ಕೊನೆಯ ಬಸ್ ತಪ್ಪಿಸುವುದು ಯಾವ ನ್ಯಾಯ? ಅದಕ್ಕೆ ಅಡ್ಡ ಬರುವ ಸಭೆಗಳಿಗೆ ಹೆಚ್ಚುವರಿ ಎಸ್‌ಪಿಯನ್ನು ಕಳುಹಿಸಿದೆ. ಮೊದಮೊದಲು ಬೈಗುಳ ತಿಂದೆ, ಆಮೇಲೆ ಎಲ್ಲರಿಗೂ ರೂಢಿಯಾಯಿತು. ಅರ್ಜಿಗಳ ವಹಿಯಲ್ಲಿ ಒಂದು ಹೊಸ ಅಂಕಣ ಹಾಕಿಸಿದೆ: "ಎಷ್ಟನೆಯ ಭೇಟಿ". ಎರಡು ಎಂದಿದ್ದರೆ ನಾನು ಎಲ್ಲಿದ್ದರೂ ಫೋನ್ ಮಾಡಬೇಕು. ಮೂರು ಎಂದು ಬರೆಯುವ ಪ್ರಸಂಗ ಬಂದರೆ ಆ ದಿನದ ಸಿಬ್ಬಂದಿ ನನಗೆ ಲಿಖಿತವಾಗಿ ಉತ್ತರ ಕೊಡಬೇಕು. ಠಾಣೆಯ ಮೇಲೆ ಬಂದ ಅರ್ಜಿ ಆ ಠಾಣೆಗೆ ಹೋಗಕೂಡದು, ಬೇರೆ ವೃತ್ತದ ಇನ್‌ಸ್ಪೆಕ್ಟರ್ ಅಥವಾ ಡಿವೈಎಸ್‌ಪಿ ಖುದ್ದಾಗಿ ನೋಡಬೇಕು. ನಾನು ಪ್ರತಿ ಅರ್ಜಿಯನ್ನೂ ಕೊನೆಯ ಹಾಳೆಯಿಂದ ಓದಲು ಶುರುಮಾಡಿದೆ. ನಮ್ಮ ಜನ ಅಸಲು ಸಂಕಟವನ್ನು ಕೊನೆಗೇ ಬರೆಯುತ್ತಾರೆ. ಮೊದಲ ಹಾಳೆ ವಂಶವೃಕ್ಷ ಮತ್ತು ಸರ್ವೆ ನಂಬರಿಗೆ ಹೋಗಿರುತ್ತದೆ.

ಈಗ ಕಾನೂನು ಬದಲಾಗಿದೆ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದು, ಎಸ್‌ಪಿಗೆ ಬರೆಯುವ ಹಕ್ಕು ಅದರ 173(4)ಕ್ಕೆ ಹೋಗಿದೆ. ಎಸ್‌ಪಿಯೂ ಸ್ಪಂದಿಸದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದೆಂದು ಅಲ್ಲೇ ಬರೆದಿದ್ದಾರೆ. ಜೊತೆಗೆ, ಮೂರು ವರ್ಷ ಅಥವಾ ಹೆಚ್ಚು ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್‌ಪಿಯ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಲು ಠಾಣಾಧಿಕಾರಿಗೆ ಅವಕಾಶ ಕೊಟ್ಟಿದ್ದಾರೆ. ನೀವು ಈ ಸೇವೆಗೆ ಬಂದರೆ ಮೊದಲು ಆ ಅನುಮತಿಯನ್ನು ಕೊಡುವ ಜಾಗದಲ್ಲೇ ಕೂರುತ್ತೀರಿ. ಓದದೆ ಕೊಡಬೇಡಿ. ನನ್ನ ಜಿಲ್ಲೆಯ ಆ ಹುಡುಗನಿಗೆ ಸಿಕ್ಕಿದ್ದು ಹನ್ನೊಂದೇ ದಿನ.

ಹಂಚಿಕೊಡುವ ಬಗ್ಗೆ ನೀವು ಬರೆದದ್ದನ್ನು ನಾನು ಒಪ್ಪುವುದಿಲ್ಲ. ಮೇಲಿನ ಹುದ್ದೆಗೆ ಹೋದಷ್ಟೂ ಕೆಲಸ ಕೆಳಗೆ ಇಳಿಯುತ್ತದೆ, ಅಧಿಕಾರಿ ಮೇಲ್ವಿಚಾರಣೆ ಮಾಡಿದರೆ ಸಾಕು ಎನ್ನುವುದು ಬೇರೆ ಇಲಾಖೆಗಳಲ್ಲಿ ನಡೆಯಬಹುದು. ಇಲ್ಲಿ ಜನ ಎಸ್‌ಪಿಯ ಬಳಿಗೆ ಬರುವುದೇ ಕೆಳಗಿನವರು ಕೇಳಲಿಲ್ಲ ಎಂದು. ಅದನ್ನು ಮತ್ತೆ ಕೆಳಗೆ ಕಳುಹಿಸಿದರೆ ನಿಮ್ಮ ಹುದ್ದೆಯ ಅಗತ್ಯವೇ ಇಲ್ಲ. ಸಭೆಗಳನ್ನು ಹಂಚಿ, ಸಮಾರಂಭಗಳನ್ನು ಹಂಚಿ, ಬಂದೋಬಸ್ತ್ ನಕ್ಷೆಯನ್ನು ಬೇಕಾದರೆ ಹಂಚಿ. ಅರ್ಜಿ, ಘೋರ ಅಪರಾಧದ ಸ್ಥಳ, ರಾತ್ರಿ ಗಸ್ತು, ನಿಮ್ಮದೇ ಕಾನ್‌ಸ್ಟೇಬಲ್‌ಗಳ ಅಹವಾಲು, ಇಷ್ಟನ್ನು ಮಾತ್ರ ಯಾರಿಗೂ ಕೊಡಬೇಡಿ. ಕಾನ್‌ಸ್ಟೇಬಲ್‌ಗಳನ್ನು ಸೇರಿಸಿದ್ದು ಸುಮ್ಮನೆ ಅಲ್ಲ. ತಂಗಿಯ ಮದುವೆಗೆ ಎರಡು ದಿನ ರಜೆ ಸಿಗದೆ ಠಾಣೆಯಲ್ಲಿ ಕುಳಿತ ಹುಡುಗ ಆ ತಾಯಿಯಂಥವರು ಬಂದಾಗ ತಲೆ ಎತ್ತಿ ನೋಡುವುದಿಲ್ಲ. ಇದನ್ನೂ ಕಣ್ಣಾರೆ ಕಂಡಿದ್ದೇನೆ.

ಕುಟುಂಬದ ಬಗ್ಗೆಯೂ ಕೇಳಿದ್ದೀರಿ. ಮಗಳ ಶಾಲೆಯ ಏಳು ವಾರ್ಷಿಕೋತ್ಸವಗಳಲ್ಲಿ ಎರಡಕ್ಕೆ ಹೋಗಿದ್ದೇನೆ. ಎಸ್‌ಪಿಗೆ ಜಿಲ್ಲೆಯಲ್ಲಿ ಕನಿಷ್ಠ ಎರಡು ವರ್ಷ ಇರಲು ಬಿಡಬೇಕೆಂದು ಸುಪ್ರೀಂ ಕೋರ್ಟ್ 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲೇ ಹೇಳಿದೆ. ನನಗೆ ಎರಡು ವರ್ಷ ಪೂರ್ತಿ ಸಿಕ್ಕಿದ್ದು ಒಂದೇ ಜಿಲ್ಲೆಯಲ್ಲಿ. ಸಾಮಾನು ಕಟ್ಟುವುದನ್ನು ನನ್ನ ಹೆಂಡತಿ ನನಗಿಂತ ಚೆನ್ನಾಗಿ ಬಲ್ಲಳು. ಅವಳು ಇದನ್ನು ಓದಿದರೆ ಇನ್ನೂ ನಾಲ್ಕು ಮಾತು ಸೇರಿಸುತ್ತಾಳೆ, ಅವು ನ್ಯಾಯವಾಗಿಯೇ ಇರುತ್ತವೆ.

ಯಾವ ಸೇವೆ ಮೊದಲು ಬೇಕೆಂದು ಬರೆಯುವ ಆದ್ಯತಾ ಪಟ್ಟಿ ತುಂಬುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಜಿಲ್ಲೆಯ ಎಸ್‌ಪಿ ಕಚೇರಿಗೆ ಹೋಗಿ, ಸಾರ್ವಜನಿಕರ ಬೆಂಚಿನ ಮೇಲೆ ಒಂದು ಇಡೀ ದಿನ ಕುಳಿತುಕೊಳ್ಳಿ. ಸೋಮವಾರವಾದರೆ ಒಳ್ಳೆಯದು, ಭಾನುವಾರ ಕಳೆದು ಜನ ಹೆಚ್ಚು ಬಂದಿರುತ್ತಾರೆ. ಪಕ್ಕದಲ್ಲಿ ಕುಳಿತವರು ಯಾವ ಊರಿನವರು, ಎಷ್ಟು ಬಸ್ ಬದಲಾಯಿಸಿ ಬಂದರು, ಇದು ಎಷ್ಟನೆಯ ಸಲ ಎಂದು ಕೇಳಿ. ಸಂಜೆ ಯಾರು ಒಳಗೆ ಹೋಗದೆಯೇ ಎದ್ದು ಹೊರಟರು ಎಂದು ಗಮನಿಸಿ, ಅವರ ಜೊತೆ ಬಸ್ ನಿಲ್ದಾಣದವರೆಗೆ ನಡೆದು ಹೋಗಿ. ಅವರ ಅರ್ಜಿಯ ಎರಡನೆಯ ಹಾಳೆಯಲ್ಲಿ ಏನಿದೆ ಎಂದು ಕೇಳಿ.